ಅರವತ್ತರಲ್ಲಿ ಮೊಡವೆ

ಅಂಗಡಿಗೆ ಬಂದವರೆಲ್ಲ ಆ ಕ್ಷೌರಿಕನನ್ನು ಮಾವ ಎಂದೇ ಕರೆಯುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ. ಕೈ ಪಳಗಿದ್ದು, ನಾಲಿಗೆ ಕತ್ತರಿಗಿಂತ ಹರಿತ. ಕುರ್ಚಿಯಲ್ಲಿ ಕೂತವನ ಮುಖ ನೋಡಿಯೇ ಮನೆಯ ಸಮಾಚಾರವೆಲ್ಲ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ಹೇಳಿದ್ದರಲ್ಲಿ ಅರ್ಧ ಸುಳ್ಳಾದರೂ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಇಂಥವನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, ಬಿಡಿಸಿ ಹೇಳಿದರು. ಬೆಳೆಯಬೇಕು ಎಂಬ ಸುದ್ದಿ ಮುಟ್ಟಲು ಜೀವಕೋಶದ ಮೈಮೇಲೆ ಒಂದು ಕರೆಗಂಟೆ ಇರುತ್ತದಂತೆ. ಮಾವನ ಗೆಡ್ಡೆಯಲ್ಲಿ ಅದು ಕೆಟ್ಟು, ಯಾರೂ ಒತ್ತದೆಯೇ ಬಡಿದುಕೊಳ್ಳುತ್ತಿದೆ. ಮಾತ್ರೆ ಹೋಗಿ ಅದರ ಸದ್ದಡಗಿಸುತ್ತದೆ. ಚರ್ಮದಲ್ಲೂ ಅಂಥವೇ ಗಂಟೆಗಳಿರುವುದರಿಂದ ಮುಖದಲ್ಲಿ ಗುಳ್ಳೆ ಏಳಬಹುದು, ಎದ್ದರೆ ಬಂದು ತೋರಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದರು.

ಗುಳ್ಳೆ ಎದ್ದೇಬಿಟ್ಟವು. ಮೂಗು, ಕೆನ್ನೆ, ಹಣೆ, ಯಾವುದನ್ನೂ ಬಿಡಲಿಲ್ಲ. ಈ ವಯಸ್ಸಿನಲ್ಲಿ ಮೊಡವೆ ಬಂದಿದೆಯಲ್ಲ, ಯಾರನ್ನು ಮೆಚ್ಚಿಸಲು ಎಂದು ಹೆಂಡತಿ ಕಾಲೆಳೆದಳು. ಗಿರಾಕಿಗಳು ಮಾತ್ರ ನಗಲಿಲ್ಲ. ಅಂಟುರೋಗವೆಂದು ಹೆದರಿ, ಬಾಗಿಲಲ್ಲಿ ಇಣುಕಿ, ಏನೋ ಮರೆತವರಂತೆ ವಾಪಸಾಗತೊಡಗಿದರು. ಎಷ್ಟೋ ವರ್ಷಗಳಿಂದ ಬೇರೆಯವರ ಕೈಗೆ ತಲೆ ಕೊಡದ ಮೇಷ್ಟರೂ ಒಂದು ದಿನ ಕೂತವರು ಎದ್ದು ಹೋದರು. ಕ್ಯಾನ್ಸರ್ ಎಂದಾಗ ಅಳದ ಮಾವ ಅಂದು ಖಾಲಿ ಕುರ್ಚಿ ಒರೆಸುತ್ತಾ ಅತ್ತ.

ಮರುದಿನದಿಂದ ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ಬರಬರುತ್ತಾ ಮುಖ ತಿಳಿಯಾಯಿತು. ಇಷ್ಟು ಚೊಕ್ಕಟ ಮುಖದವನಿಗೆ ಒಳಗೆ ಅದೆಂಥ ಕಾಯಿಲೆ ಇದ್ದೀತು ಎಂದು ಕನ್ನಡಿಯೆದುರು ತನಗೆ ತಾನೇ ಧೈರ್ಯ ಹೇಳಿಕೊಂಡ. ಮುಖ ನೋಡಿಯೇ ಮನುಷ್ಯನನ್ನು ಅಳೆಯುವ ಕಸುಬಿನವನಲ್ಲದೆ ಇನ್ನಾರೂ ಈ ತಪ್ಪು ಮಾಡಲಾರರು.

ಹೆಂಡತಿ ಎದುರಿಗೆ ಬಂದು ನಿಂತಳು.

"ಮುಖ ನುಣ್ಣಗಾಗಿದೆ. ಮಾತ್ರೆ ತಗೊಳ್ತಿಲ್ಲ, ಅಲ್ವಾ?"

ಮಾವ ಗೋಡೆ ನೋಡಿದ. ಅವಳು ಕೂಗಾಡಲಿಲ್ಲ, ಕೈಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಚೆನ್ನಾಗಿಯೇ ಬೆಂಡೆತ್ತಿದರು. ಗುಳ್ಳೆಗೆ ಮುಲಾಮು ಕೊಟ್ಟು, ಕಡಿಮೆಯಾಗುತ್ತದೆ, ಪೂರ್ತಿ ಹೋಗುವ ಭರವಸೆ ಇಲ್ಲ ಎಂದರು. ಮಾತ್ರೆ ಮತ್ತೆ ಶುರುವಾಯಿತು, ಗುಳ್ಳೆಗಳೂ ಮರಳಿದವು. ಇನ್ನು ಅಂಗಡಿ ಮುಚ್ಚುವುದೇ ವಾಸಿ ಎಂದು ಮಾವ ಮುಖ ಊದಿಸಿಕೊಂಡು ಕೂತ.

"ಊರಿನವರ ಗುಟ್ಟೆಲ್ಲ ಕೇಳಿಸಿಕೊಂಡಿದ್ದೀರಿ," ಎಂದಳು ಹೆಂಡತಿ. "ನಿಮ್ಮದೊಂದು ಹೇಳೋಕೆ ಏನು ಕಷ್ಟ?"

ಮರುದಿನ ಬೆಳಿಗ್ಗೆ ಮೇಷ್ಟರು ಅಂಗಡಿ ದಾಟಿ ಹೋಗುತ್ತಿದ್ದರು. ಗಡ್ಡ ಪೊದೆಯಾಗಿತ್ತು, ಬೇರೆಯವರ ಹತ್ತಿರ ಹೋಗಲು ಮನಸ್ಸು ಬಂದಿರಲಿಲ್ಲವೆಂದು ಕಾಣುತ್ತದೆ. ಮಾವ ಹೊರಗೆ ಬಂದು, ಧೈರ್ಯ ಜಾರುವ ಮೊದಲೇ ಹೇಳಿಬಿಟ್ಟ.

"ಮೇಷ್ಟ್ರೇ, ನನಗೆ ಕ್ಯಾನ್ಸರ್. ಈ ಗುಳ್ಳೆ ಅದರ ಮಾತ್ರೆಯಿಂದ ಎದ್ದಿದ್ದು. ಯಾರಿಗೂ ಅಂಟಲ್ಲ."

ಮೇಷ್ಟರು ಅಂದು ಎದ್ದು ಹೋದ ನಾಚಿಕೆಗೆ ತಲೆ ತಗ್ಗಿಸಿದರು. ಆಮೇಲೆ ಮೆಟ್ಟಿಲೇರಿ ಒಳಗೆ ಬಂದು ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ಗಂಟಲೊಡ್ಡಿ ಕಣ್ಣು ಮುಚ್ಚಿದರು.

"ಒಂದು ನಿಮಿಷ ತಡೀರಿ," ಎಂದ ಮಾವ ಕಣ್ಣು ಚೆನ್ನಾಗಿ ಒರೆಸಿಕೊಂಡೇ ಕತ್ತಿ ಕೈಗೆತ್ತಿಕೊಂಡ.