ತೈವಾನಿನ ಬ್ಯಾನರ್ ಹೊಲಿದ ಇಂದ್ರಾಬಾಯಿ

ಮುಂಬೈಯ ಬೈಕುಲ್ಲಾದ ಓಣಿಯೊಂದರಲ್ಲಿ ಕೂತು ಇಂದ್ರಾಬಾಯಿ ಹೊಲಿದ ಬ್ಯಾನರುಗಳನ್ನು ಹಿಡಿದು ನಡೆದವರಲ್ಲಿ ಅರ್ಧ ಮಂದಿ ಜೈಲು ಕಂಡರು, ಇನ್ನರ್ಧ ಮಂದಿ ಮಂತ್ರಿಗಳ ಪಕ್ಕ ಕುರ್ಚಿ ಕಂಡರು. ಇಪ್ಪತ್ತಾರು ವರ್ಷವಾದರೂ ಅವಳು ಮಾತ್ರ ಅದೇ ಮಷೀನಿನ ಮುಂದಿದ್ದಳು. ಇಂಡಿ ತಾಲೂಕಿನವಳು, ಇಂಗ್ಲಿಷ್ ಓದಲು ಬಾರದು. ಅಕ್ಷರಗಳನ್ನು ಬಟ್ಟೆಯಲ್ಲಿ ಕತ್ತರಿಸಿ, ಆಕಾರ ನೋಡಿ ಕೂರಿಸಿ ಹೊಲಿಯುತ್ತಿದ್ದಳು. ಮೋರ್ಚಾದ ಗಾಳಿಗೆ ಕಿತ್ತುಬರಬಾರದೆಂದು ದಪ್ಪ ಸೂಜಿ, ಎರಡೆರಡು ಸಾಲು ಹೊಲಿಗೆ.

ಈಗ ಫ್ಲೆಕ್ಸ್ ಕಾಲ. ಅಂಗಡಿ ಮಾಲೀಕ ಅಮೋಲ್ ಕಡ್ಡಿ ಮುರಿದಂತೆ ಹೇಳಿದ್ದ: ಇನ್ನೊಂದು ದೂರು ಬಂದರೆ ಹೊಲಿಗೆ ಬಂದ್, ನೀನು ಮನೆಗೆ. ದೂರಿಗೆಂದೇ ಫಾರ್ಮ್ ಅಚ್ಚು ಹಾಕಿಸಿದ್ದ. ಬಾಯಿಮಾತು ಅವನಿಗೆ ಲೆಕ್ಕಕ್ಕಿಲ್ಲ.

ಅಷ್ಟರಲ್ಲಿ ವಡಾಲದಲ್ಲಿ ಬಂದರು ಕಾರ್ಮಿಕರ ಅಂತರರಾಷ್ಟ್ರೀಯ ಸಮ್ಮೇಳನ ಬಂತು. ನಿಯೋಗಕ್ಕೊಂದು ಬ್ಯಾನರು. ಇಂದ್ರಾಬಾಯಿ ‘ತೈವಾನ್’ ಎಂದು ಹೊಲಿದುಕೊಟ್ಟಳು. ಅದು ದೇಶವಲ್ಲ, ನಮ್ಮ ಪ್ರಾಂತ್ಯ, ಹೀಗಿದ್ದರೆ ನಾವು ಒಳಗೆ ಬರುವುದಿಲ್ಲ ಎಂದು ಚೀನಾದವರು ಬಾಗಿಲಲ್ಲೇ ನಿಂತರು. ಪಕ್ಕದಲ್ಲಿ ‘ಚೀನಾ’ ಎಂದು ಸೇರಿಸಿದಳು. ಚೀನಾದವರು ಒಳಬಂದರು, ತೈವಾನಿನವರು ಹೊರನಡೆದರು. ವೇದಿಕೆಯ ಮೇಲೆ ಮಾತ್ರ ದುಡಿಯುವವರಿಗೆ ಗಡಿಗಳಿಲ್ಲ ಎಂಬ ಭಾಷಣ ಸಾಗಿಯೇ ಇತ್ತು. ಕೊನೆಗೆ ಸಂಘಟಕ ತಿಲಕ್, ಮಂಗಳೂರು ಕಡೆಯವನು, ಎರಡೂ ಹೆಸರು ಬಿಚ್ಚಿಸಿ ಬರೀ ನೀಲಿ ಬಟ್ಟೆ ತೂಗುಹಾಕಿಸಿದ. ಎಲ್ಲರೂ ಕೂತರು.

ಮಧ್ಯಾಹ್ನ ಯಾರೋ ಸೆಕೆಯೆಂದು ಆ ಬಟ್ಟೆಯ ಹಿಂದಿನ ಕಿಟಕಿ ತೆರೆದರು. ಸೂಜಿಯ ತೂತುಗಳಲ್ಲಿ ಬಿಸಿಲು ತೂರಿ, ಬಿಚ್ಚಿದ ಹೆಸರುಗಳೆರಡೂ ಅಕ್ಷರ ಅಕ್ಷರವಾಗಿ ಹೊಳೆದವು. ಎರಡೂ ಕಡೆಯವರು ಒಟ್ಟಿಗೆ ಎದ್ದು ಕೂಗಿದರು. ಆ ಸಮ್ಮೇಳನದಲ್ಲಿ ಅವರು ಒಟ್ಟಿಗೆ ಮಾಡಿದ್ದು ಅದೊಂದೇ.

ತಿಲಕ್ ಅವಳನ್ನು ಕರೆಸಿದ. "ಇದೆಂತ ಬಾಯಿ? ತೆಗೆದ ಹೆಸರು ಓದ್ಲಿಕ್ಕೆ ಆಗ್ತದಲ್ಲ!"

"ಹೆಸರು ತಗದೀನ್ರಿ ಸಾಹೇಬ್ರ. ತೂತು ಹ್ಯಾಂಗ್ ತಗೀಲಿ?"

"ಎರಡೆರಡು ಹೊಲಿಗೆ ಯಾಕೆ ಹಾಕಿದ್ದು ಮಾರಾಯ್ತಿ?"

"ಪೊಲೀಸ್ರು ಜಗ್ಗೂದು ನೋಡಿ ಕಲ್ತೀನ್ರಿ. ನೀವು ಅವ್ರಿಗಿಂತ ಜೋರ್ ಜಗ್ಗತೀರಂತ ಗೊತ್ತಿರ್ಲಿಲ್ಲ."

ತಿಲಕನ ಮುಖ ಕೆಂಪಾಯಿತು. ಅಮೋಲನ ದೂರಿನ ಫಾರ್ಮ್ ತರಿಸಿದ. ಮೊದಲ ಸಾಲು: ಯಾರ ಬ್ಯಾನರಿನ ಬಗ್ಗೆ ದೂರು? ತಿಲಕ್ ಪೆನ್ನು ಊರುವಷ್ಟರಲ್ಲಿ ಹೆಗಲ ಹಿಂದಿನಿಂದ ಚೀನಾದವನು ಬರೀ ‘ತೈವಾನ್’ ಎಂದು ಬರೆಯಬೇಡ ಎಂದ. ಬೇರೆ ಹೆಸರು ಬರೆಯಹೋದರೆ ತೈವಾನಿನವನು ಕೈ ಅಡ್ಡ ಹಿಡಿದ. ಜಾಗ ಖಾಲಿ ಬಿಟ್ಟ ಫಾರ್ಮನ್ನು ಅಮೋಲ್ ಮುಟ್ಟುವುದಿಲ್ಲ. ಸಂಜೆಯವರೆಗೆ ಜಗಳಾಡಿ, ದೂರಿನಲ್ಲಿ ಏನು ಬರೆಯಬೇಕೆಂದು ತೀರ್ಮಾನಿಸಲು ಐದು ಜನರ ಉಪಸಮಿತಿ ಮಾಡಿದರು.

ಎಂಟು ತಿಂಗಳಾಯಿತು. ಉಪಸಮಿತಿ ಈಗ ಮೂರನೇ ಸಭೆಗೆ ಜಿನೀವಾಕ್ಕೆ ಹೋಗುತ್ತದಂತೆ. ಅವರು ಒಂದು ಹೆಸರಿಗೆ ಒಪ್ಪುವ ತನಕ ಇಂದ್ರಾಬಾಯಿಯ ಕೆಲಸಕ್ಕೆ ಕುತ್ತಿಲ್ಲ.