ಮೇಲೊಂದು ಕ್ರೋನ

ಆ ನವೆಂಬರ್ ಬೆಳಿಗ್ಗೆ ಉಪ್ಸಾಲಾ ಬಸ್ ನಿಲ್ದಾಣದಲ್ಲಿ ಇದ್ದ ಕನ್ನಡದವರು ನಾವಿಬ್ಬರೇ: ನಾನು, ಮತ್ತು ತೊಡೆಯ ಮೇಲೆ ಚಪಾತಿ ಡಬ್ಬಿ ಇಟ್ಟುಕೊಂಡು ಕೂತ ಪದ್ಮಕ್ಕ. ಮಳೆ ಹಿಮದೊಂದಿಗೆ ಬೆರೆತು ಬೀಳುತ್ತಿತ್ತು. ಊರಿನ ಕನ್ನಡದ ಮನೆಗಳಿಗೆಲ್ಲ ಹಿರಿಯಳಾದ ಪದ್ಮಕ್ಕ, ಹಬ್ಬಕ್ಕೂ ಕಷ್ಟಕ್ಕೂ ಮೊದಲು ಫೋನ್ ಮಾಡುವವಳು.

ನಾವು ಹೊರಟಿದ್ದು ಓಲಂಡ್ ದ್ವೀಪಕ್ಕೆ. ಅಲ್ಲಿ ಹಡಗು ಕಂಪನಿಯೊಂದರ ಕಂಪ್ಯೂಟರ್ ಕೆಲಸದಲ್ಲಿದ್ದ ನಮ್ಮ ಶಿವಾನಂದನ ಅಕ್ಕನಿಗೆ ಹುಬ್ಬಳ್ಳಿಯಲ್ಲಿ ಹೃದಯದ ಆಪರೇಷನ್ ಆಗಬೇಕಿತ್ತು. ಗುರುವಾರದೊಳಗೆ ಪೂರ್ತಿ ಹಣ ಕಟ್ಟಬೇಕು ಎಂದಿತ್ತು ಆಸ್ಪತ್ರೆ. ಹನ್ನೊಂದು ಮನೆಯವರು ಸ್ವೀಡಿಷ್ ಕ್ರೋನದಲ್ಲಿದ್ದ ಅವನ ಖಾತೆಗೆ ಹಣ ಹಾಕಿದ್ದೆವು. ಬ್ಯಾಂಕು ಆ ಖಾತೆಯನ್ನೇ ತಡೆಹಿಡಿದಿತ್ತು. ಅವನ ಸ್ವಂತ ಉಳಿತಾಯವೂ ಅದರೊಳಗೇ ಸಿಕ್ಕಿಕೊಂಡಿತ್ತು. ಹಣ ಹಾಕಿದವರು ಯಾರಾದರೂ ಬಂದು ಹೇಳಿದರೆ ಉಪಯೋಗವಾದೀತು ಎಂದು ಅವನು ಫೋನಿನಲ್ಲಿ ಕೇಳಿಕೊಂಡಿದ್ದ.

ಗ್ರಿಸ್ಲೆಹಾಮ್ನ್ ಬಂದರಿಗೆ ಬಸ್ಸು ಎರಡು ಗಂಟೆ ತೆಗೆದುಕೊಂಡಿತು, ಹಡಗು ಮತ್ತೆರಡು ಗಂಟೆ. ಎರಡಕ್ಕೂ ಸೇರಿ ತಲೆಗೆ ನೂರು ಕ್ರೋನವೂ ಆಗಲಿಲ್ಲ. ಹಡಗಿನ ತುಂಬ ಸುಂಕವಿಲ್ಲದ ಬಿಯರ್ ಕೊಳ್ಳಲು ಹೊರಟ ಹಿರಿಯರು; ಊಟದ ಕೋಣೆಯಿಂದ ಹೆರಿಂಗ್ ಮೀನಿನ ವಾಸನೆ. ಅಲೆ ಜೋರಾಗಿತ್ತು.

"ಮೋಹನಾ, ಇದು ಹಡಗೋ, ರುಬ್ಬೋ ಕಲ್ಲೋ?" ಎಂದಳು ಪದ್ಮಕ್ಕ. ಆಮೇಲೆ ಇಳಿಯುವವರೆಗೆ ಕಂಬಿ ಹಿಡಿದೇ ಕೂತಿದ್ದಳು.

ಎಕೆರೋದಲ್ಲಿ ಇಳಿದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದೆವು. ದ್ವೀಪ ಫಿನ್‌ಲೆಂಡಿಗೆ ಸೇರಿದ್ದು. ಮಾತು ಮಾತ್ರ ಸ್ವೀಡಿಷ್. ಶಾಸನಸಭೆ, ಧ್ವಜ, ಅಂಚೆಚೀಟಿ ಎಲ್ಲ ತನ್ನವೇ. ಮರಿಯೆಹಾಮ್ನ್ ಪಟ್ಟಣದವರೆಗೆ ಮುಕ್ಕಾಲು ಗಂಟೆ ಮತ್ತೊಂದು ಬಸ್ಸು. ಎಲೆ ಉದುರಿದ ಬರ್ಚ್ ಮರಗಳು, ಮುಚ್ಚಿದ ಬೇಸಿಗೆ ಮನೆಗಳು.

ಬ್ಯಾಂಕಿನ ಬಾಗಿಲಲ್ಲಿ ಶಿವಾನಂದ ನಿಂತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. "ಅಕ್ಕಾರ, ಇಷ್ಟು ದೂರ ನಿಮ್ಮನ್ನ ಎಳಕೊಂಡ್ ಬಂದೆ ನೋಡ್ರಿ."

"ಸುಮ್ನಿರೋ. ನಾನೇನು ನಡ್ಕೊಂಡ್ ಬಂದ್ನಾ?"

ಒಳಗೆ ನಮ್ಮನ್ನು ಕೂರಿಸಿಕೊಂಡ ಹೆಂಗಸಿಗೆ ಐವತ್ತರ ಮೇಲಿರಬೇಕು. ಕಾಫಿ ತಾನೇ ತಂದುಕೊಟ್ಟಳು. ಭಯೋತ್ಪಾದಕರಿಗೆ ಹಣ ಹೋಗದಂತೆ ತಡೆಯುವ ಫಿನ್‌ಲೆಂಡಿನ ಕಾನೂನು ಈಗ ದ್ವೀಪಕ್ಕೂ ಅನ್ವಯಿಸುತ್ತದೆ ಎಂದಳು. "ಎಷ್ಟೋ ವಿಷಯದಲ್ಲಿ ನಮ್ಮದು ನಾವೇ ನೋಡಿಕೊಳ್ಳುತ್ತೇವೆ. ಇದರಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ." ಒಂದೇ ವಾರದಲ್ಲಿ ಹನ್ನೊಂದು ಜನರಿಂದ ಹಣ, ಯಾರೂ ಕಾರಣ ಬರೆದಿಲ್ಲ, ಕೂಡಲೇ ಎಲ್ಲವನ್ನೂ ಹೊರದೇಶಕ್ಕೆ ಕಳಿಸುವ ಅರ್ಜಿ. ಪಟ್ಟಿಯನ್ನು ನನ್ನ ಕಡೆ ತಿರುಗಿಸಿ ಪೆನ್ಸಿಲ್ ಇಟ್ಟು ತೋರಿಸಿದಳು. 2001. 5001. 1001. 3001.

"ಎಲ್ಲದರ ಕೊನೆಗೂ ಒಂದು. ಇದು ಏನು ಗುರುತು?"

ಪದ್ಮಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಸೊನ್ನೆಗೆ ನಿಲ್ಲಿಸಬೇಡಿ, ಮೇಲೊಂದು ಸೇರಿಸಿ ಎಂದು ಮನೆಮನೆಗೂ ಫೋನ್ ಮಾಡಿದ್ದವಳು ಅವಳೇ. ಸಹಾಯ ಅಂತ ಬರೆದರೆ ಹುಡುಗ ನೊಂದುಕೊಳ್ತಾನೆ, ಕಾರಣ ಖಾಲಿ ಬಿಡಿ ಎಂದವಳೂ ಅವಳೇ.

"ಹೇಳೋ ಮೋಹನಾ, ಒಳ್ಳೇದಾಗ್ಲಿ ಅಂತ ಹಾಕೋದು. ಮದುವೆ, ನಾಮಕರಣಕ್ಕೆಲ್ಲ ಹಂಗೇ ಕೊಡೋದು. ಸೊನ್ನೆ ಅಂದ್ರೆ ಮುಗೀತು ಅಂತ. ಒಂದಿದ್ರೆ ಮುಂದಕ್ಕೆ ಹೋಗತ್ತೆ. ಸಾವಿನ ಮನೇಲಿ ಮಾತ್ರ ಒಂದು ಹಾಕಲ್ಲ."

ನಾನು ಸ್ವೀಡಿಷ್‌ನಲ್ಲಿ ಹೇಳಿದ್ದನ್ನು ಆ ಹೆಂಗಸು ಹಾಗೇ ಬರೆದುಕೊಂಡಳು. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದಳು. "ನಾನು ನಂಬುತ್ತೇನೆ. ಆದರೆ ತೀರ್ಮಾನ ರಾಜಧಾನಿ ಹೆಲ್ಸಿಂಕಿಯಿಂದ ಬರಬೇಕು. ಯಾವಾಗ ಎಂದು ನನಗೂ ಗೊತ್ತಿಲ್ಲ."

"ಗುರುವಾರದೊಳಗೆ?" ಎಂದು ಶಿವಾನಂದ ಕೇಳಿದ. ಅವಳು ಪೆನ್ಸಿಲ್ ಕೆಳಗಿಟ್ಟಳು.

ಹೊರಗೆ ಬಂದಾಗ ಮೂರೂವರೆ. ಆಗಲೇ ಕತ್ತಲು ಇಳಿಯುತ್ತಿತ್ತು. ಪದ್ಮಕ್ಕ ಚಪಾತಿ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. "ಮತ್ತೆ ಕೂಡಿಸ್ತೀವಿ ಕಣೋ. ಈ ಸಲ ನೇರವಾಗಿ ಹುಬ್ಬಳ್ಳಿಗೇ ಕಳಿಸ್ತೀವಿ."

"ನಿಮ್ದೇನೂ ತಪ್ಪಿಲ್ರಿ ಅಕ್ಕಾರ." ಅವನು ಹಾಗೆಂದಿದ್ದೇ ಅವಳಿಗೆ ತಡೆಯಲಾಗಲಿಲ್ಲ. ನಾವು ಹತ್ತಿದ ಬಸ್ಸು ತಿರುಗುವವರೆಗೆ ಅವನು ದೀಪದ ಕಂಬದ ಕೆಳಗೆ ಡಬ್ಬಿ ಹಿಡಿದು ನಿಂತೇ ಇದ್ದ.

ಹಿಂದಿರುಗಿ ಮತ್ತೆ ಕೂಡಿಸಿದೆವು. ಅರ್ಧದಷ್ಟಾಯಿತು, ಕಳಿಸಿದೆವು. ಆಸ್ಪತ್ರೆ ಆಪರೇಷನ್ನನ್ನು ಎರಡು ವಾರ ಮುಂದಕ್ಕೆ ಹಾಕಿತು. ಆ ಎರಡು ವಾರ ಮುಗಿಯುವಷ್ಟರಲ್ಲಿ ಅವನ ಅಕ್ಕ ತೀರಿಕೊಂಡಳು.

ಖಾತೆ ಜನವರಿಯಲ್ಲಿ ಬಿಡುಗಡೆಯಾಯಿತು. ಆಕ್ಷೇಪಿಸುವಂಥದ್ದೇನೂ ಇಲ್ಲ ಎಂದು ಎರಡು ಸಾಲಿನ ಕಾಗದ ಬಂತಂತೆ. ಶಿವಾನಂದ ಎಲ್ಲರ ಖಾತೆಗೂ ಹಣ ಹಿಂದಿರುಗಿಸಿದ: ಎರಡು ಸಾವಿರ, ಐದು ಸಾವಿರ, ಸೊನ್ನೆಗೆ ನಿಲ್ಲಿಸಿ. ಆಮೇಲೊಂದು ಶನಿವಾರ ಹಡಗು ಹತ್ತಿ ಉಪ್ಸಾಲಾಕ್ಕೆ ಬಂದು, ಉಳಿದ ಒಂದೊಂದು ಕ್ರೋನವನ್ನು ನಾಣ್ಯವಾಗಿ ಕೊಡುತ್ತ ಮನೆಮನೆಗೂ ಹೋದ. ಪದ್ಮಕ್ಕ ಕೈ ಚಾಚಲಿಲ್ಲ. ಅವನು ಅದನ್ನು ಮೇಜಿನ ಮೇಲೆ, ತೊಳೆದು ತಂದಿದ್ದ ಚಪಾತಿ ಡಬ್ಬಿಯ ಪಕ್ಕದಲ್ಲಿಟ್ಟು, ಕಾಫಿ ಕುಡಿದು, ಮೂರರ ಬಸ್ಸಿಗೆ ಹೊರಟ.