ಸಂಶೋಧನೆಯ ಗಲ್ಲಾದಲ್ಲಿ ಆರಾರು ತಿಂಗಳ ಪಾಳಿ

ಸ್ನೇಹಿತರೇ, ಇಂದು ಗುರುವಾರ. ನೌಪಾಡಾ ಬಡಾವಣೆಯಲ್ಲಿ ನಡೆದ ಸಭೆಗೆ ನಾನು ಹೋದದ್ದು ಒಂದೇ ಉದ್ದೇಶಕ್ಕೆ: ಸಹಭಾಗಿತ್ವದ ಒಪ್ಪಂದದಲ್ಲಿ ‘ಏನು ಪ್ರಕಟವಾಗಬೇಕೆಂಬ ನಿರ್ಧಾರ ಸಂಪಾದಕರದೇ’ ಎಂಬ ವಾಕ್ಯವನ್ನು ಉಳಿಸಿಕೊಳ್ಳಲು. ಪ್ರಾಥಮಿಕ ಆರೋಗ್ಯದ ಹೊಸ ಸಂಶೋಧನೆಗಳ ಸಾರಾಂಶವನ್ನು ಸಣ್ಣ ದವಾಖಾನೆಗಳ ವೈದ್ಯರಿಗೆ ಕಳುಹಿಸುವುದು ನಮ್ಮ ಸಂಸ್ಥೆಯ ಕೆಲಸ. ಸಂಪಾದಕಿ ನಾನು, ಪ್ರಥಮ ರ‍್ಯಾಂಕ್ ಪಡೆದು ಈ ಹುದ್ದೆಗೆ ಬಂದವಳು. ಹೊಸ ಪಾಲುದಾರರು ಒಂದು ಟಾನಿಕ್ ಕಂಪನಿಯವರು.

ನಮ್ಮ ಅಧ್ಯಕ್ಷರಾದ ವಾಸು ಮಾಮ ಉಡುಪಿ ಹೋಟೆಲ್ ನಡೆಸುವವರು. ಆ ವಾಕ್ಯವನ್ನು ಹೊಡೆದುಹಾಕಿ ನಕ್ಕರು.

“ಪಾರ್ಟ್ನರ್ ಅಂದ್ಮೇಲೆ ಪಾಳಿ ಬೇಡ್ವಾ ಮಾರಾಯ್ತಿ? ನಮ್ಮ ಹೋಟೆಲಲ್ಲಿ ಆರು ತಿಂಗಳು ಗಲ್ಲಾದಲ್ಲಿ ನಾನು ಕೂತ್ರೆ, ಆರು ತಿಂಗಳು ಭಾವ. ಇಲ್ಲಿಯೂ ಹಾಗೇ. ಆರು ತಿಂಗಳು ನೀನು, ಆರು ತಿಂಗಳು ಅವರು.”

“ಮಾಮ, ಅವರ ಪಾಳಿಯಲ್ಲಿ, ಈ ಟಾನಿಕ್‌ನಿಂದ ಪ್ರಯೋಜನವಿಲ್ಲ ಎಂಬ ಸಂಶೋಧನೆ ಬಂದರೆ?”

ಕಂಪನಿಯ ಪ್ರತಿನಿಧಿ ಹತ್ತಿರದ ಕಳವಾ ಊರಿನಲ್ಲಿ ಹಿಂದಿ, ಮರಾಠಿಗಳ ನಡುವೆ ಬೆಳೆದ ಕನ್ನಡದ ಹುಡುಗ. ಬಹಳ ಗಂಭೀರವಾಗಿ ಹೇಳಿದ: “ಟೆನ್ಶನ್ ನಹೀ ಮೇಡಂ. ಅದನ್ನು ನಿಮ್ಮ ಆರು ತಿಂಗಳಲ್ಲಿ ಛಾಪಿಸಿ.”

“ನೋಡು, ಎಷ್ಟು ಅಡ್ಜಸ್ಟ್ ಮಾಡ್ತಾರೆ!” ಎಂದು ಮಾಮ ಮೇಜು ತಟ್ಟಿದರು.

ಹೀಗೆ ಒಂದೇ ಟಾನಿಕ್ ವರ್ಷದ ಅರ್ಧಭಾಗ ಪರಿಣಾಮಕಾರಿ, ಉಳಿದರ್ಧ ನಿಷ್ಪ್ರಯೋಜಕ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸಹಿಗಾಗಿ ಒಪ್ಪಂದವನ್ನು ನನ್ನ ಮುಂದೆ ಸರಿಸಿದ್ದಾರೆ.

ನಾನು ಸಹಿ ಹಾಕುವುದಿಲ್ಲ.